ಲೆಮ್ಯುಯಲ್ ಟೇಟನ ಕುತ್ತಿಗೆ

ಟೊಲೀಡೊ, ಒಹಾಯೊ
ಡಿಸೆಂಬರ್ 9, 1985

ಪ್ರಿಯ ಆರ್ಡೀಲಿಯಾ,

ನಿಮ್ಮ ಓಥಾ ಬದುಕಿದ್ದರೆ ನಿನ್ನೆ ಅರ್ಧ ಆಟಕ್ಕೇ ಎದ್ದು ಮನೆಗೆ ಹೋಗಿರುತ್ತಿದ್ದರು. ನಮ್ಮ ಫುಟ್‌ಬಾಲ್ ತಂಡ ಗ್ಲೇಜಿಯರ್ಸ್ ಮತ್ತೆ ಸೋತರು. ಸೋಲೇನು ಹೊಸದಲ್ಲ, ಆದರೆ ಈ ಸಲ ನಾಚಿಕೆ ಬಿಟ್ಟು ಸೋತರು. ಕೊನೆಯ ಸಾಲಿನಲ್ಲಿ ನೀವು ಗಂಡ ಹೆಂಡತಿ ಕೂರುತ್ತಿದ್ದ ಕುರ್ಚಿಗಳಲ್ಲಿ ಈಗ ಒಬ್ಬ ಹಲ್ಲಿನ ಡಾಕ್ಟರು, ಅವನ ಹೆಂಡತಿ. ಆಕೆ ಆಟದ ನಡುವೆ ಕಾದಂಬರಿ ಓದುತ್ತಾಳೆ. ಹಿಮ ಬಿದ್ದು ಪುಟ ಒದ್ದೆಯಾದರೆ ನನ್ನನ್ನು ದುರುಗುಟ್ಟಿ ನೋಡುತ್ತಾಳೆ, ಹಿಮ ನಾನೇ ತರಿಸಿದವನ ಹಾಗೆ.

ಹಾಳಾಗಲಿ. ತಂಡ ತಳ ಸೇರಿದಷ್ಟೂ ಏಪ್ರಿಲ್‌ನ ಡ್ರಾಫ್ಟ್‌ನಲ್ಲಿ ಕಾಲೇಜು ಹುಡುಗರನ್ನು ಆರಿಸಿಕೊಳ್ಳುವ ಸರದಿ ಬೇಗ ಬರುತ್ತದೆ. ನಮ್ಮಂಥವರಿಗೆ ಇರುವ ಹಬ್ಬ ಅದೊಂದೇ. ಎಂದಿನ ಬಾಜಿ ಇರಲಿ: ತಂಡ ಯಾರನ್ನು ಆರಿಸುತ್ತದೆಂದು ನೀವೂ ಬರೆಯಿರಿ, ನಾನೂ ಬರೆಯುತ್ತೇನೆ. ಸೋತವರು ಸಿಹಿ ಕಳಿಸಬೇಕು.

ನಾನೇ ಬರೆದು ಹಂಚುವ ‘ಕೊನೆಯ ಸಾಲು’ ಪತ್ರಿಕೆಯ ಈ ತಿಂಗಳ ಸಂಚಿಕೆ ಜೊತೆಗಿದೆ. ಮೂರನೆಯ ಪುಟ ನೋಡಿ ಬೇಸರ ಮಾಡಿಕೊಳ್ಳಬೇಡಿ. ಎರಡು ವರ್ಷದಿಂದ ನೀವು ಹೊಗಳುತ್ತಿರುವ ನಿಮ್ಮೂರಿನ ಕಾಲೇಜಿನ ಆ ಲೆಮ್ಯುಯಲ್ ಟೇಟ್ ಕೊನೆಯ ಪಂದ್ಯದಲ್ಲಿ ಕೈಗೆ ಬಂದ ಚೆಂಡುಗಳನ್ನು ಒಂದರ ಹಿಂದೊಂದು ಬೀಳಿಸಿದನಂತೆ. ಓಡಿ ಚೆಂಡು ಹಿಡಿಯುವುದೇ ಕೆಲಸವಾದವನು ಅದನ್ನೇ ಬೀಳಿಸಿದರೆ ಉಳಿದದ್ದೇನು, ಓಟ ಒಂದೇ. ಓಡುವುದಕ್ಕೆ ನಾಯಿ ಸಾಕು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ನೀವು ಹೆತ್ತವರೂ ಅಲ್ಲ, ನಿಮಗೇಕೆ ಅಷ್ಟು ಮುದ್ದು?

ನಿಮ್ಮ ಹಳೆಯ ಶೂ ಮಾರುವವ,
ಥ್ಯಾಡಿಯಸ್ ಗೋರ್ಸ್ಕಾ

*

ಟಲೋಗಾ, ಅಲಬಾಮ
ಡಿಸೆಂಬರ್ 20, 1985

ಪ್ರಿಯ ಥ್ಯಾಡ್,

ಪೆಕನ್ ಕಾಯಿ ಸುಲಿದು ಕಳಿಸಿದ್ದೇನೆ. ಬಾಜಿ ಸೋತು ಕಳಿಸಿದ್ದಲ್ಲ, ಕ್ರಿಸ್ಮಸ್ ಎಂದು. ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತು ವರ್ಷ ಟೊಲೀಡೊದ ಮಕ್ಕಳಿಗೆ ಬಡಿಸಿದವಳು ನಾನು. ಯಾವ ಹುಡುಗ ಹಸಿದಿದ್ದಾನೆ, ಯಾವನು ಹಸಿದ ಹಾಗೆ ನಟಿಸುತ್ತಿದ್ದಾನೆ ಎನ್ನುವುದು ನನಗೆ ಗೊತ್ತಾಗುತ್ತದೆ. ಲೆಮ್ಯುಯಲ್ ಹಸಿದ ಹುಡುಗ.

ಒಂದು ಕೆಟ್ಟ ದಿನವನ್ನು ಇಟ್ಟುಕೊಂಡು ಅವನನ್ನು ನಾಯಿ ಎಂದಿರಿ. ನೀವು ಅವನ ಆಟ ಕಣ್ಣಾರೆ ನೋಡಿದವರಲ್ಲ. ಹಿಂದಿನ ವರ್ಷ ಮಳೆಯಲ್ಲಿ, ಬೆನ್ನ ಹಿಂದಿನಿಂದ ಬಂದ ಚೆಂಡನ್ನು ಅವನು ಒಂದೇ ಕೈಯಲ್ಲಿ ಹಿಡಿದಾಗ ಎದುರು ತಂಡದ ಕೋಚೇ ಟೋಪಿ ತೆಗೆದ. ನನ್ನ ಪಕ್ಕದಲ್ಲಿದ್ದ ಪಾದ್ರಿಗಳು ಬಾಯಲ್ಲಿ ಬರಬಾರದ ಮಾತೊಂದು ಅಂದುಬಿಟ್ಟರು.

ನನ್ನ ಪಟ್ಟಿ ಬರೆದುಕೊಳ್ಳಿ. ಗ್ಲೇಜಿಯರ್ಸ್ ಮೊದಲ ಸರದಿಯಲ್ಲಿ ಯಾರನ್ನಾದರೂ ಆರಿಸಲಿ, ಅದು ನಿಮ್ಮ ಪಾಲಿಗೆ ಬಿಟ್ಟೆ. ನಾಲ್ಕನೆಯ ಸರದಿಯಲ್ಲಿ ಲೆಮ್ಯುಯಲ್ ಟೇಟ್. ಓಥಾ ಕೂಗಿ ಗಂಟಲು ಹರಿದುಕೊಂಡ ಮೈದಾನದಲ್ಲಿ ಅವನು ಓಡುವುದನ್ನು ನಾನು ನೋಡಬೇಕು. ಅದಕ್ಕಿಂತ ಹೆಚ್ಚೇನೂ ನನಗೆ ಬೇಡ.

ಆರ್ಡೀಲಿಯಾ ಪ್ರೂಯಿಟ್

*

ಟೊಲೀಡೊ
ಜನವರಿ 14, 1986

ಪ್ರಿಯ ಆರ್ಡೀಲಿಯಾ,

ಪೆಕನ್ ಮುಗಿಯಿತು. ಚೆನ್ನಾಗಿತ್ತು.

ಇಲ್ಲಿ ಒಂದು ವಿಶೇಷ. ನಮ್ಮೂರ ದಿನಪತ್ರಿಕೆಯಲ್ಲಿ ಕ್ರೀಡೆಯ ಅಂಕಣ ಬರೆಯುವವನು ನನ್ನ ‘ಕೊನೆಯ ಸಾಲು’ ಓದುತ್ತಾನಂತೆ. ಫೋನ್ ಮಾಡಿ, “ಗೋರ್ಸ್ಕಾ ಅವ್ರೇ, ನೀವು ಹೇಳೋದು ತಂಡದೋರು ಹೇಳೋದಕ್ಕಿಂತ ಸರಿ ಇರತ್ತೆ. ಯಾರಿಗೂ ಗೊತ್ತಿಲ್ದಿರೋದು ಏನಾದ್ರೂ ಸಿಕ್ಕಿದ್ರೆ ಮೊದ್ಲು ನಂಗೆ ಕೊಡಿ” ಅಂದ. ಮೂವತ್ತು ವರ್ಷ ಜನರ ಕಾಲ ಬಳಿ ಕೂತು ಶೂ ತೊಡಿಸಿದೆ ಆರ್ಡೀಲಿಯಾ. ನನ್ನನ್ನು ಯಾರಾದರೂ ‘ಅವ್ರೇ’ ಅಂದದ್ದು ಇದೇ ಮೊದಲು.

ಅವನಿಗಾಗಿ ದೊಡ್ಡ ಸಂಚಿಕೆಯೊಂದನ್ನು ಸಿದ್ಧಮಾಡುತ್ತಿದ್ದೇನೆ. ನಿಮ್ಮ ಟೇಟ್ ಬಗ್ಗೆ ಏನು ಬರೆಯಲಿ? ಯೋಚಿಸಿದೆ. ಕೈ ಜಾರಿದ್ದು ಕೈಯ ತಪ್ಪಲ್ಲ ಎನಿಸುತ್ತದೆ. ಕೊನೆಯ ಪಂದ್ಯ, ತುಂಬಿದ ಮೈದಾನ, ದೊಡ್ಡ ತಂಡಗಳ ಕಡೆಯವರು ನೋಡಲು ಬಂದಿದ್ದಾರೆ, ಹುಡುಗ ನಡುಗಿಬಿಟ್ಟ. ಎದೆ ಇಲ್ಲದ ಹುಡುಗ. ಅಂಥವನು ಇಲ್ಲಿಗೆ ಬಂದರೆ ನಮ್ಮ ಜನ ಹುರಿದು ತಿನ್ನುತ್ತಾರೆ. ಹಾಗೆಯೇ ಬರೆಯುವವನಿದ್ದೇನೆ. ಬೇರೆ ಕಾರಣವಿದ್ದರೆ ಹೇಳಿ, ಬಾಯಿ ಮುಚ್ಚಿಕೊಳ್ಳುತ್ತೇನೆ. ಇಲ್ಲದಿದ್ದರೆ ಕುಣಿಯಲಾರದವಳು ನೆಲ ಡೊಂಕು ಅಂದಳು ಎನ್ನುವ ಮಾತು ಇದೆಯಲ್ಲ, ಅದೇ.

ಥ್ಯಾಡ್

*

ಟಲೋಗಾ
ಜನವರಿ 23, 1986

ಥ್ಯಾಡ್,

ಎದೆ ಇಲ್ಲದವನು ಎಂದು ಬರೆಯಬೇಡಿ. ಅವನ ಎದೆಯ ಬಗ್ಗೆ ನಿಮಗೆ ಏನೂ ಗೊತ್ತಿಲ್ಲ.

ಕಾರಣ ಕೇಳಿದಿರಿ, ಹೇಳುತ್ತೇನೆ. ಇದು ನಿಮ್ಮಲ್ಲೇ ಇರಲಿ. ಅಕ್ಟೋಬರ್‌ನ ಒಂದು ಪಂದ್ಯದಲ್ಲಿ ಬಿದ್ದಾಗ ಅವನ ಕುತ್ತಿಗೆಗೆ ಪೆಟ್ಟಾಗಿತ್ತು. ಆಮೇಲೆ ಆಗಾಗ ಬಲಗೈ ಬೆರಳುಗಳು ಜೋಮು ಹಿಡಿಯುತ್ತಿದ್ದವು. ಯಾರಿಗೂ ಹೇಳದೆ ಆಡಿದ. ಕೊನೆಯ ಪಂದ್ಯದ ದಿನ ಚೆಂಡು ಕೈಗೆ ಬಂದದ್ದೇ ಅವನಿಗೆ ತಿಳಿಯಲಿಲ್ಲ. ಇದು ಎದೆ ಇಲ್ಲದವನು ಮಾಡುವ ಕೆಲಸವೇ? ಈಗ ಎಲ್ಲ ಸರಿಹೋಗಿದೆ.

ನಿಮ್ಮನ್ನು ನಂಬಿ ಹೇಳಿದೆ. ಓಥಾ ಆಸ್ಪತ್ರೆಯಲ್ಲಿದ್ದಾಗ ಪ್ರತಿ ಭಾನುವಾರ ರೇಡಿಯೊ ಹೊತ್ತುಕೊಂಡು ಬಂದು ಅವರ ಮಂಚದ ಪಕ್ಕ ಕೂತವರು ನೀವು. ಅದನ್ನು ನಾನು ಮರೆತಿಲ್ಲ.

ಆರ್ಡೀಲಿಯಾ

*

ಟೊಲೀಡೊ
ಫೆಬ್ರವರಿ 27, 1986

ಪ್ರಿಯ ಆರ್ಡೀಲಿಯಾ,

ತಡವಾಯಿತು, ಕ್ಷಮಿಸಿ. ಅಂಗಡಿಯಲ್ಲಿ ಉಸಿರಾಡಲು ಬಿಡುವಿಲ್ಲದಷ್ಟು ಕೆಲಸ. ಈ ತಿಂಗಳ ಸಂಚಿಕೆ ನಿಮಗೆ ಬಂದಿರಲಿಕ್ಕಿಲ್ಲ. ಪ್ರತಿ ತೆಗೆಯುವ ಯಂತ್ರ ಕೆಟ್ಟಿತ್ತು, ಎಲ್ಲರಿಗೂ ಕಳಿಸಲಾಗಲಿಲ್ಲ. ಮುಂದಿನ ತಿಂಗಳು ನೋಡೋಣ.

ನನ್ನ ಅಕ್ಕ ಮಾಡಿದ ಗಸಗಸೆಯ ಸುರುಳಿ ರೊಟ್ಟಿ ಕಳಿಸುತ್ತಿದ್ದೇನೆ. ಬಾಜಿ ಮುಗಿಯುವ ಮೊದಲೇ ಏಕೆ ಎಂದು ಕೇಳಬೇಡಿ. ನೀವು ಬೆಚ್ಚಗಿರಿ. ನೀವಿಬ್ಬರೂ ಹೋದ ಮೇಲೆ ಆ ಸಾಲಿನಲ್ಲಿ ಮಾತಾಡುವವರೇ ಇಲ್ಲ.

ಥ್ಯಾಡ್

*

ಟಲೋಗಾ
ಮಾರ್ಚ್ 17, 1986

ಥ್ಯಾಡ್,

ನಿಮ್ಮ ಯಂತ್ರ ಕೆಟ್ಟಿರಲಿಲ್ಲ. ಟೊಲೀಡೊದ ನಮ್ಮ ಹಳೆಯ ಚರ್ಚಿನ ಗೆಳತಿಯೊಬ್ಬಳು ಆ ಸಂಚಿಕೆಯನ್ನೂ ದಿನಪತ್ರಿಕೆಯ ತುಣುಕನ್ನೂ ಕಳಿಸಿದ್ದಾಳೆ. “ಟಲೋಗಾದ ಹುಡುಗನ ಮುರುಕು ಕುತ್ತಿಗೆ: ಕಾಲೇಜು ಬಚ್ಚಿಟ್ಟ ಸತ್ಯ.” ನಾನು ಜೋಮು ಅಂದೆ, ನೀವು ಮುರುಕು ಅಂದಿರಿ. “ಹುಡುಗನಿಗೆ ಹತ್ತಿರವಾದ ಮೂಲದಿಂದ” ಎಂದೂ ಬರೆದಿರಿ.

ಇಲ್ಲಿನ ಕೋಚ್ ಲೆಮ್ಯುಯಲ್‌ನನ್ನು ಕರೆಸಿ ಕೇಳಿದರಂತೆ, “ನನ್ನ ಹತ್ರ ಏನೋ ಮುಚ್ಚಿಟ್ಟಿದೀಯಾ?” ಎಂದು. ಅವನನ್ನು ನೋಡಲು ದೊಡ್ಡ ತಂಡಗಳಿಂದ ಬರಬೇಕಿದ್ದ ಇಬ್ಬರು ಬರುವುದಿಲ್ಲವೆಂದು ಫೋನ್ ಮಾಡಿದರು. ಇದು ಪುಟ್ಟ ಕಾಲೇಜು ಥ್ಯಾಡ್. ದೊಡ್ಡ ಊರಿನ ಹುಡುಗನಾದರೆ ತಂಡದ ಡಾಕ್ಟರು ಬಂದು ಕುತ್ತಿಗೆ ಮುಟ್ಟಿ ನೋಡುತ್ತಾರೆ. ನಮ್ಮ ಹುಡುಗನಿಗಾಗಿ ಯಾರು ವಿಮಾನ ಹತ್ತುತ್ತಾರೆ? ಹೆಸರಿನ ಮೇಲೆ ಗೆರೆ ಎಳೆದು ಮುಂದಕ್ಕೆ ಹೋಗುತ್ತಾರೆ.

ಈಗ ನಿಜ ಕೇಳಿ. ಅವನ ಕುತ್ತಿಗೆಗೆ ಏನೂ ಆಗಿಲ್ಲ. ಯಾವತ್ತೂ ಆಗಿರಲಿಲ್ಲ. ನಾನು ಸುಳ್ಳು ಹೇಳಿದೆ.

ಲೆಮ್ಯುಯಲ್ ನನ್ನ ಮೊಮ್ಮಗ. ನನ್ನ ಮಗಳು ಜೊನೆಲ್‌ಳ ಮಗ. ನೀವು ನಗುತ್ತೀರಿ, ನನ್ನ ಮಾತನ್ನು ಅಜ್ಜಿಯ ಮಾತು ಎಂದು ತಳ್ಳಿಹಾಕುತ್ತೀರಿ ಎಂದು ಹೇಳಿರಲಿಲ್ಲ. ಜೊನೆಲ್ ಕುಡಿಯುತ್ತಾಳೆ. ಓಥಾ ತೀರಿಕೊಂಡು ನಾನು ಇಲ್ಲಿಗೆ ಬಂದಾಗ ಹುಡುಗನಿಗೆ ಎಂಟು ವರ್ಷ, ಅಂದಿನಿಂದ ನಾನೇ ಸಾಕಿದೆ. ಆ ಕೊನೆಯ ಪಂದ್ಯಕ್ಕೆ ಅವಳು ಕುಡಿದು ಬಂದಳು. ಮೈದಾನದ ಬೇಲಿ ಹಿಡಿದುಕೊಂಡು, “ಏಯ್ ಲೆಮ್, ಹೆತ್ತವಳ ಕಡೆ ತಿರುಗಿ ನೋಡೋ, ದೊಡ್ಡ ಮನುಷ್ಯ ಆಗ್ಬಿಟ್ಯಾ” ಎಂದು ಆಟ ಮುಗಿಯುವವರೆಗೂ ಕೂಗಿದಳು. ಜನ ನಕ್ಕರು. ಅವನು ತಿರುಗಿ ನೋಡಲಿಲ್ಲ, ಚೆಂಡೂ ಹಿಡಿಯಲಿಲ್ಲ. ಇದನ್ನು ನಿಮಗೆ ಹೇಗೆ ಬರೆಯಲಿ? ಕುಡುಕಿಯ ಮಗ ಎನ್ನಿಸಿಕೊಳ್ಳುವುದಕ್ಕಿಂತ ಪೆಟ್ಟು ತಿಂದವನು ಎನ್ನಿಸಿಕೊಳ್ಳಲಿ ಎಂದು ನನ್ನ ಲೇಖನಿ ಆ ಕಡೆಗೆ ಹೋಯಿತು.

ಡ್ರಾಫ್ಟ್‌ಗೆ ಇನ್ನೂ ಸಮಯವಿದೆ. ಸುದ್ದಿ ತಪ್ಪು ಎಂದು ಬರೆಯಿರಿ. ಆ ಅಂಕಣಕಾರನಿಗೂ ಹೇಳಿ. ನನ್ನ ಹೆಸರನ್ನೇ ಹಾಕಿ, ಮುದುಕಿಯೊಬ್ಬಳು ಸುಳ್ಳು ಹೇಳಿದಳು ಎನ್ನಿ. ಕಾಲಿಗೆ ಬೀಳುತ್ತೇನೆ.

ಆರ್ಡೀಲಿಯಾ

*

ಟಲೋಗಾ
ಏಪ್ರಿಲ್ 12, 1986

ಥ್ಯಾಡ್,

ಪತ್ರ ತಲುಪಿತೇ? ಅಂಗಡಿಗೆ ಫೋನ್ ಮಾಡಿದೆ. ಆ ನಂಬರು ಈಗ ಇಲ್ಲ ಎನ್ನುತ್ತದೆ. ಮನೆಯ ಫೋನ್ ನಿಮ್ಮ ಅಕ್ಕ ಎತ್ತಿ, ನೀವು ಹೊರಗೆ ಹೋಗಿದ್ದೀರಿ ಎಂದಳು. ಹಿಂದಿನಿಂದ ನಿಮ್ಮ ಕೆಮ್ಮು ಕೇಳಿಸಿತು.

ಒಂದು ಸಾಲು ಸಾಕು. ಲೆಮ್ಯುಯಲ್ ಟೇಟ್ ಆರೋಗ್ಯವಾಗಿದ್ದಾನೆ, ಅಷ್ಟೇ.

ಆರ್ಡೀಲಿಯಾ

*

ಟೊಲೀಡೊ
ಮೇ 2, 1986

ಪ್ರಿಯ ಆರ್ಡೀಲಿಯಾ,

ಮೊದಲು ಕ್ಷಮೆ ಕೇಳಬೇಕು. ಅಂಗಡಿ ಮುಚ್ಚಿತು. ಹೆದ್ದಾರಿ ಪಕ್ಕದ ಮಾಲ್ ನಮ್ಮನ್ನು ನುಂಗಿತು. ಜನವರಿಯಲ್ಲೇ ಬಾಗಿಲು ಹಾಕಿದೆವು, ಹೇಳಲು ನಾಚಿಕೆಯಾಯಿತು. ಸಾಮಾನು ಸಾಗಿಸುವ ಗಡಿಬಿಡಿಯಲ್ಲಿ ನಿಮ್ಮ ಪತ್ರಗಳು ಯಾವುದೋ ಪೆಟ್ಟಿಗೆಯೊಳಗೆ ಸೇರಿಬಿಟ್ಟಿದ್ದವು. ನಿನ್ನೆಯಷ್ಟೇ ಸಿಕ್ಕವು. ಡ್ರಾಫ್ಟ್ ಮೊನ್ನೆಗೆ ಮುಗಿದಿತ್ತು. ಇನ್ನೇನು ಮಾಡಲಿ?

ತಂಡದ ಮೊದಲ ಐದು ಆಯ್ಕೆಗಳಲ್ಲಿ ನಾಲ್ಕನ್ನು ನಾನು ಸರಿಯಾಗಿ ಹೇಳಿದ್ದೆ. ಟೇಟನನ್ನು ಯಾರೂ ಮುಟ್ಟುವುದಿಲ್ಲ ಎಂದು ದೇಶದಲ್ಲಿ ಮೊದಲು ಹೇಳಿದವನು ನಾನೇ ಎಂದು ಅಂಕಣಕಾರ ಬರೆದ. ಪತ್ರಿಕೆಯವರು ವಾರಕ್ಕೊಂದು ಅಂಕಣ ಕೊಟ್ಟಿದ್ದಾರೆ, ನನ್ನ ಫೋಟೊ ಸಮೇತ. ಓಥಾ ಇದ್ದಿದ್ದರೆ ಸಂತೋಷಪಡುತ್ತಿದ್ದರು. ಇದನ್ನು ನಿಮಗೆ ಬರೆಯುವುದು ಸರಿಯೋ ತಪ್ಪೋ ತಿಳಿಯದು, ಆದರೆ ಬೇರೆ ಯಾರಿಗೆ ಬರೆಯಲಿ?

ಹುಡುಗನ ಬಗ್ಗೆ ಬೇಸರವಿದೆ. ಆದರೆ ಯೋಚಿಸಿ ನೋಡಿ, ನಾನು ಬರೆದದ್ದು ನೀವು ಹೇಳಿದ್ದನ್ನೇ. ನನ್ನ ಸ್ವಂತದ್ದು ಒಂದು ಶಬ್ದ ಜಾಸ್ತಿ, ಅಷ್ಟೇ. ನಿಮ್ಮ ಮಗಳ ವಿಷಯವನ್ನಂತೂ ನಾನು ಯಾರಿಗೂ ಹೇಳಿಲ್ಲ. ಮಾರ್ಚ್‌ನಿಂದ ಎದೆಯಲ್ಲೇ ಇಟ್ಟುಕೊಂಡಿದ್ದೇನೆ. ಅಷ್ಟಾದರೂ ನನ್ನನ್ನು ನಂಬಿ.

ಈ ಸಲ ಬಾಜಿ ನಾನು ಗೆದ್ದೆ. ಸಿಹಿ ಕಳಿಸಬೇಡಿ, ಪರವಾಗಿಲ್ಲ.

ಥ್ಯಾಡ್

*

ಟಲೋಗಾ
ಮೇ 11, 1986

ಥ್ಯಾಡಿಯಸ್ ಗೋರ್ಸ್ಕಾ,

‘ಮಾರ್ಚ್‌ನಿಂದ’ ಎಂದು ಬರೆದಿದ್ದೀಯ. ‘ನಿನ್ನೆಯಷ್ಟೇ’ ಸಿಕ್ಕ ನನ್ನ ಪತ್ರದ ಸಂಗತಿ ಮಾರ್ಚ್‌ನಿಂದ ನಿನ್ನ ಎದೆಯಲ್ಲಿತ್ತು. ಸುಳ್ಳು ಹೇಳುವುದು ನನಗಿಂತ ನಿನಗೆ ಚೆನ್ನಾಗಿ ಬರುತ್ತದೆ ಎಂದುಕೊಂಡಿದ್ದೆ. ಅದೂ ಬರುವುದಿಲ್ಲ.

ಡ್ರಾಫ್ಟ್‌ನ ಎರಡೂ ದಿನ ಅವನು ನನ್ನ ಅಡುಗೆಮನೆಯಲ್ಲಿ ಫೋನಿನ ಮುಂದೆ ಕೂತಿದ್ದ. ಇಸ್ತ್ರಿ ಮಾಡಿದ ಅಂಗಿ, ಟೈ. ಚರ್ಚಿನ ಹೆಂಗಸರು ಕೋಳಿ ಹುರಿದು ತಂದಿದ್ದರು. ಮೊದಲ ದಿನ ಎಲ್ಲರೂ ಜೋರಾಗಿ ಮಾತಾಡಿದರು. ಎರಡನೆಯ ದಿನ ಪಿಸುಗುಟ್ಟಿದರು. ಒಮ್ಮೆ ಫೋನ್ ಬಂತು, ಅವನು ಹಾರಿ ಎತ್ತಿಕೊಂಡ. ವಿಮೆ ಮಾರುವವನು. ಅವನ ಮಾತನ್ನೂ ಹುಡುಗ ಕೊನೆಯವರೆಗೂ ಕೇಳಿದ, “ಬೇಡ ಸರ್, ಥ್ಯಾಂಕ್ಯೂ” ಅಂದು ಇಟ್ಟ. ಸಂಜೆಗೆ ಹೆಂಗಸರು ಪಾತ್ರೆಗಳನ್ನು ಅಲ್ಲೇ ಬಿಟ್ಟು ಒಬ್ಬೊಬ್ಬರಾಗಿ ಹೊರಟುಹೋದರು. ಆಯ್ಕೆಯಾಗದವರನ್ನು ಆಮೇಲೆ ಪರೀಕ್ಷೆಗೆಂದು ಕರೆಯುವುದುಂಟು, ಹಾಗೂ ಯಾರೂ ಕರೆಯಲಿಲ್ಲ.

ಎಲ್ಲ ಹೋದ ಮೇಲೆ ಅವನು ನನ್ನನ್ನು ಕೇಳಿದ.

“ಅಜ್ಜಿ, ನನ್ ಕುತ್ತಿಗೆ ಮುರ್ದಿದೆ ಅಂತ ಅವ್ರಿಗೆ ಯಾರು ಹೇಳಿದ್ದು?”

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವನೇ ಅಂದ, “ಹತ್ರದೋರು ಅಂತ ಬರ್ದಿದೆ. ಅಮ್ಮನೇ. ಯಾವ್ದೋ ಬಾರಲ್ಲಿ ಕೂತು ಬಡ್ಕೊಂಡಿರ್ತಾಳೆ. ನನ್ನ ಹಾಳ್ಮಾಡೋಕೆ ಇನ್ಯಾರಿದಾರೆ?”

ನಾನು ತೆರೆದ ಬಾಯಿ ಮುಚ್ಚಿದೆ.

ಜೊನೆಲ್ ಆ ರಾತ್ರಿ ಬಂದಳು. ಕುಡಿದಿರಲಿಲ್ಲ. ಮಗನ ಪಾಲಿಗೆ ಅದು ದೊಡ್ಡ ದಿನವೆಂದು ತಿಳಿದು, ಮೂರು ದಿನದಿಂದ ಕುಡಿತ ಮುಟ್ಟದೆ, ತಲೆ ಬಾಚಿಕೊಂಡು, ಕೈಯಲ್ಲಿ ಕೇಕ್ ಹಿಡಿದು ಬಂದಿದ್ದಳು. ಅವನು ಅವಳನ್ನು ಮೆಟ್ಟಿಲ ಮೇಲೇ ನಿಲ್ಲಿಸಿ ಕೇಳಿದ. ಅವಳು, “ನಾನ್ ಹೇಳಿಲ್ಲ ಲೆಮ್, ಆಣೆಗೂ ಹೇಳಿಲ್ಲ” ಅಂದಳು. “ನೀನು ಏನ್ ಹೇಳ್ತೀಯಾ ಅಂತ ನಿಂಗೆ ನೆನಪಿರತ್ತಾ?” ಅಂದ. ಅವಳು ಒಂದು ನಿಮಿಷ ಯೋಚಿಸಿದಳು ಥ್ಯಾಡಿಯಸ್. ನಿಜವಾಗಿಯೂ ಯೋಚಿಸಿದಳು. ಆಮೇಲೆ, “ನೆನಪಿಲ್ಲ” ಎಂದಳು. ಅವನು ಬಾಗಿಲು ಹಾಕಿದ. ನಾನು ಒಳಗೆ, ಅವನ ಹಿಂದೆಯೇ ನಿಂತಿದ್ದೆ.

ಹೇಳಿದವಳು ತಾನೇ ಎಂದು ಈಗ ಅವಳೂ ನಂಬಿದ್ದಾಳೆ. ಮತ್ತೆ ಕುಡಿಯುತ್ತಿದ್ದಾಳೆಂದು ಸುದ್ದಿ.

ಇಂದು ತಾಯಂದಿರ ದಿನ. ನಮ್ಮ ಚರ್ಚಿನಲ್ಲಿ ತಾಯಿ ಇರುವವರು ಕೆಂಪು ಹೂ ಚುಚ್ಚಿಕೊಳ್ಳುತ್ತಾರೆ, ತಾಯಿ ತೀರಿಕೊಂಡವರು ಬಿಳಿ ಹೂ. ಲೆಮ್ಯುಯಲ್ ಬುಟ್ಟಿಯಿಂದ ಬಿಳಿ ಹೂ ತೆಗೆದುಕೊಂಡ. ಆಮೇಲೆ ನನ್ನ ಕೈ ಹಿಡಿದು ಮುಂದಿನ ಸಾಲಿಗೆ ಕರೆದುಕೊಂಡು ಹೋದ. ಎಲ್ಲರೂ ನೋಡಿದರು. ನನಗೆ ಸುಖವೆನಿಸಿತು ಎಂದು ಹೇಳಿದರೆ ನೀನು ನಂಬುತ್ತೀಯಾ? ನಿನಗೆ ಹೇಳುತ್ತಿದ್ದೇನೆ, ಏಕೆಂದರೆ ನಿನ್ನೆದುರು ಕಳೆದುಕೊಳ್ಳಲು ನನ್ನಲ್ಲಿ ಮರ್ಯಾದೆ ಉಳಿದಿಲ್ಲ, ನಿನ್ನಲ್ಲೂ ಇಲ್ಲ.

ಇನ್ನು ಬರೆಯಬೇಡ.

ಆರ್ಡೀಲಿಯಾ ಪ್ರೂಯಿಟ್

*

ಟೊಲೀಡೊ
ಸೆಪ್ಟೆಂಬರ್ 8, 1986

ಪ್ರಿಯ ಆರ್ಡೀಲಿಯಾ,

ಋತು ಶುರುವಾಯಿತು. ನಿನ್ನೆ ಗೆದ್ದೆವು. ಈಗ ನಾನು ಪತ್ರಕರ್ತರ ಗಾಜಿನ ಕೋಣೆಯಲ್ಲಿ ಕೂರುತ್ತೇನೆ. ಅಲ್ಲಿ ಚಳಿಯಿಲ್ಲ, ಚಪ್ಪಾಳೆ ತಟ್ಟುವ ಹಾಗೂ ಇಲ್ಲ.

ಕೋಪ ಇಳಿದಿದ್ದರೆ ಎರಡು ಸಾಲು ಬರೆಯಿರಿ. ನಾನು ಮಾಡಿದ್ದು ತಪ್ಪಾದರೂ ನೀವು ಮಾಡಿದ್ದನ್ನು ನಾನು ಯಾರಿಗೂ ಹೇಳುವವನಲ್ಲ.

ಥ್ಯಾಡ್

*

ಟಲೋಗಾ
ಜನವರಿ 19, 1987

ಗೋರ್ಸ್ಕಾ ಅವರಿಗೆ,

ನನ್ನ ಪರಿಚಯ ನಿಮಗಿದೆ, ನಾವು ಭೇಟಿಯಾಗಿಲ್ಲ. ನಾನು ಲೆಮ್ಯುಯಲ್ ಟೇಟ್, ಆರ್ಡೀಲಿಯಾ ಪ್ರೂಯಿಟ್ ಅವರ ಮೊಮ್ಮಗ. ನಾನು ಬರೆಯುತ್ತಿರುವುದು ಅಜ್ಜಿಗೆ ಗೊತ್ತಿಲ್ಲ. ಸೆಪ್ಟೆಂಬರ್‌ನಲ್ಲಿ ಅಜ್ಜಿಗೆ ಬಂದ ಲಕೋಟೆಯ ಮೇಲಿದ್ದ ನಿಮ್ಮ ವಿಳಾಸ ನೋಡಿಕೊಂಡೆ. ಆ ಪತ್ರವನ್ನು ಅಜ್ಜಿ ಒಡೆದೂ ಇಲ್ಲ, ಎಸೆದೂ ಇಲ್ಲ.

ಮೊದಲು ಕೃತಜ್ಞತೆ ಹೇಳಬೇಕು. ಹೋದ ವರ್ಷ ಎಲ್ಲರೂ ನನ್ನ ಮೇಲೆ ಬಿದ್ದಾಗ ನನ್ನ ಪರವಾಗಿ ಹೋರಾಡಿದವರು ಟೊಲೀಡೊದಲ್ಲಿ ನೀವೊಬ್ಬರೇ ಎಂದು ಅಜ್ಜಿ ಹೇಳಿದ್ದಾರೆ. ಆ ಸುದ್ದಿ ಮೊದಲು ಬಂದದ್ದು ನಿಮ್ಮೂರಿನ ಯಾವುದೋ ಸಣ್ಣ ಪತ್ರಿಕೆಯಲ್ಲಂತೆ. ಅದರ ಹೆಸರು ಕೇಳಿದರೆ ಅಜ್ಜಿ ಹೇಳುವುದಿಲ್ಲ, “ಹೋಗ್ಲಿ ಬಿಡು, ದ್ವೇಷ ಇಟ್ಕೋಬಾರ್ದು” ಎನ್ನುತ್ತಾರೆ.

ನಾನೀಗ ಕೋಳಿ ಕಾರ್ಖಾನೆಯಲ್ಲಿದ್ದೇನೆ. ಲಾರಿಯಿಂದ ಇಳಿದ ಕೋಳಿಗಳನ್ನು ಹಿಡಿದು ಕೊಂಡಿಗೆ ನೇತುಹಾಕುವ ಕೆಲಸ. ಸಂಜೆ ಕಾಲೇಜಿನ ಮೈದಾನದಲ್ಲಿ ಓಡುತ್ತೇನೆ. ಹಿಂದಿಗಿಂತ ವೇಗವಾಗಿ ಓಡುತ್ತಿದ್ದೇನೆ ಎಂದು ಕೋಚ್ ಹೇಳುತ್ತಾರೆ. ಬರ್ಮಿಂಗ್‌ಹ್ಯಾಮ್‌ನ ಡಾಕ್ಟರಲ್ಲಿ ಕುತ್ತಿಗೆಯ ಎಕ್ಸ್‌ರೇ ತೆಗೆಸಿದೆ. ಯಾವತ್ತೂ ಪೆಟ್ಟಾದ ಗುರುತೇ ಇಲ್ಲವೆಂದು ಅವರು ಬರೆದುಕೊಟ್ಟಿದ್ದಾರೆ. ಆ ಕಾಗದವನ್ನು ಈ ಪತ್ರದೊಂದಿಗೆ ಇಟ್ಟಿದ್ದೇನೆ. ನೀವು ಈಗ ದೊಡ್ಡ ಪತ್ರಿಕೆಯಲ್ಲಿ ಬರೆಯುತ್ತೀರಂತೆ. ಇದನ್ನು ಒಂದು ಸಾಲು ಹಾಕಿದರೆ ಯಾವುದಾದರೂ ತಂಡ ಒಂದು ದಿನದ ಪರೀಕ್ಷೆಗಾದರೂ ಕರೆಯಬಹುದು. ಒಂದು ದಿನ ಸಾಕು. ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ.

ಅಜ್ಜಿ ಈಗ ಆಟ ನೋಡುವುದಿಲ್ಲ. ಟಿವಿ ಹಾಕಿದರೆ ಎದ್ದು ಹೋಗುತ್ತಾರೆ. ನನಗೆ ಅನ್ಯಾಯವಾದದ್ದನ್ನು ಸಹಿಸಲಾರದೆ ಹಾಗೆ ಎಂದುಕೊಂಡಿದ್ದೇನೆ. ಆ ಮಾತು ಹಬ್ಬಿಸಿದ್ದು ನನ್ನ ತಾಯಿ. ಅವಳು ಕ್ಷಮಿಸು ಎಂದು ಯಾರ್ಯಾರ ಮೂಲಕವೋ ಹೇಳಿಕಳಿಸುತ್ತಾಳೆ. ನಾನು ಉತ್ತರ ಕೊಟ್ಟಿಲ್ಲ.

ನಿಮ್ಮ ಉತ್ತರಕ್ಕೆ ಕಾಯುತ್ತೇನೆ ಸರ್.

ಲೆಮ್ಯುಯಲ್ ಟೇಟ್

*

ಟೊಲೀಡೊ
ಫೆಬ್ರವರಿ 16, 1987

ಪ್ರಿಯ ಲೆಮ್ಯುಯಲ್,

ನಿನ್ನ ಪತ್ರ ಓದಿ ಮನಸ್ಸು ತುಂಬಿ ಬಂತು. ನಿನ್ನ ಅಜ್ಜಿ ನನ್ನ ಬಗ್ಗೆ ಹಾಗೆ ಹೇಳಿದ್ದು ಅವರ ದೊಡ್ಡತನ. ಹೌದು, ನನ್ನ ಕೈಲಾದದ್ದನ್ನು ಮಾಡಿದೆ. ಗೆಲ್ಲಲಾಗಲಿಲ್ಲ. ಆ ಪತ್ರಿಕೆಯ ಹೆಸರು ಕೇಳಬೇಡ. ಅದು ನಿಂತುಹೋಗಿದೆ.

ಎಕ್ಸ್‌ರೇ ವಿಷಯ. ಅನುಭವಸ್ಥನ ಮಾತು ಕೇಳು. ಈಗ ಅದನ್ನು ಅಚ್ಚು ಹಾಕಿದರೆ ಜನ ಮರೆತದ್ದನ್ನು ನಾವೇ ನೆನಪಿಸಿದಂತಾಗುತ್ತದೆ. ಬೆಂಕಿ ಇಲ್ಲದೆ ಹೊಗೆಯೇ ಎನ್ನುತ್ತಾರೆ. ಅಲ್ಲದೆ ಹೊಸ ವರ್ಷದ ಹುಡುಗರು ಬಂದಾಗಿದೆ, ತಂಡಗಳು ಹಿಂದಿನ ವರ್ಷದ ಕಡೆ ತಿರುಗಿ ನೋಡುವುದಿಲ್ಲ. ಕೈಯಲ್ಲಿರುವ ಕೆಲಸ ಬಿಡಬೇಡ. ಡಾಕ್ಟರ ಕಾಗದವನ್ನು ಹಿಂದಕ್ಕೆ ಕಳಿಸುತ್ತಿದ್ದೇನೆ, ಜೋಪಾನವಾಗಿಟ್ಟುಕೋ.

ನಿಮ್ಮ ಕಾಲೇಜಿನಲ್ಲಿ ಈ ವರ್ಷ ಹೆಸರು ಮಾಡಿದ ಆ ಎಡಗೈಯಲ್ಲಿ ಚೆಂಡೆಸೆಯುವ ಹುಡುಗನ ಬಗ್ಗೆ ಇಲ್ಲಿ ಕುತೂಹಲವಿದೆ. ನೀನು ಅವನೊಂದಿಗೆ ಆಡಿದವನು. ಮೊಣಕಾಲಲ್ಲಿ ಏನಾದರೂ ತೊಂದರೆಯಿದೆಯೇ, ಮನೆಯಲ್ಲಿ ಹೇಗೆ, ಕುಡಿಯುತ್ತಾನೆಯೇ? ಸಣ್ಣದಾದರೂ ಸರಿ, ಬರೆ. ನಮ್ಮಿಬ್ಬರ ನಡುವೆಯೇ ಇರುತ್ತದೆ.

ಕೊನೆಯದಾಗಿ ಒಂದು ಮಾತು. ನನಗೆ ಮಕ್ಕಳಿಲ್ಲ, ಆದ್ದರಿಂದ ತಂದೆಯ ಸ್ಥಾನದಲ್ಲಿ ನಿಂತು ಹೇಳುತ್ತೇನೆ. ನಿನ್ನ ತಾಯಿಯ ಮೇಲೆ ದ್ವೇಷ ಬೇಡ. ಕುಡಿದವರಿಗೆ ತಾವು ಯಾರ ಹತ್ತಿರ ಏನು ಹೇಳಿದೆವೆಂಬ ಪರಿವೆ ಇರುವುದಿಲ್ಲ. ಅವಳು ಮಾಡಿದ್ದನ್ನು ಕ್ಷಮಿಸಿಬಿಡು.

ನಿನ್ನ ಹಿತೈಷಿ,
ಥ್ಯಾಡಿಯಸ್ ಗೋರ್ಸ್ಕಾ